ಮೆತ್ತಗಾಗುವ ತನಕ

ನಮ್ಮದು ಕಪ್ಪೆ ಕೊಯ್ಯದ ಬ್ಯಾಚು. 2014ರಲ್ಲಿ ನಾನು ಎಂಎಸ್ಸಿಗೆ ಸೇರುವುದಕ್ಕೂ, ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಡಿಸೆಕ್ಷನ್ ನಿಲ್ಲಿಸಿ ಎಂದು ಯುಜಿಸಿ ಹೇಳುವುದಕ್ಕೂ ಸರಿಹೋಯಿತು. ನಮ್ಮ ಸೀನಿಯರ್‌ಗಳು ಕಪ್ಪೆಯ ತೊಡೆಯ ನರ, ಮೀನಖಂಡದ ಸ್ನಾಯು ಬಿಡಿಸಿಕೊಂಡು, ಮಸಿ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮಿನ ಮೇಲೆ ಅದರ ಸೆಳೆತದ ಗೆರೆ ಎಳೆಸಿದ್ದರು. ನಮಗೆ ಸಿಕ್ಕಿದ್ದು ಆ ಗೆರೆಗಳ ಜೆರಾಕ್ಸ್. ಸ್ಕೇಲ್ ಇಟ್ಟು ಅಳೆದು, ಇಷ್ಟು ಮಿಲಿಸೆಕೆಂಡ್ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡೆವು. ತಲೆ ತೆಗೆದ ಕಪ್ಪೆಯ ಪಕ್ಕೆಗೆ ಆಮ್ಲದಲ್ಲಿ ಅದ್ದಿದ ಕಾಗದದ ಚೂರು ಅಂಟಿಸಿದರೆ ಅದು ಹಿಂಗಾಲು ಎತ್ತಿ ಕಾಗದವನ್ನು ಒರೆಸಿಹಾಕುತ್ತದೆ ಎಂಬುದನ್ನೂ ಹಾಗೇ ಓದಿ ಬರೆದೆವು. ಮೆದುಳೇ ಇಲ್ಲದೆ, ಬರೀ ಬೆನ್ನುಹುರಿಯಿಂದ, ಗುರಿ ಇಟ್ಟು ಒರೆಸುವುದು! ನನಗೆ ನಂಬಿಕೆ ಬರಲಿಲ್ಲ. ನೋಡಿದವರನ್ನು ಕೇಳಿದರೆ "ಹೌದು ಕಣೆ, ಒರೆಸ್ಕೊಳತ್ತೆ" ಎಂದು ಅಲ್ಲಿಗೇ ಮಾತು ಬಿಡುತ್ತಿದ್ದರು. ಕಪ್ಪೆಗಳು ಉಳಿದದ್ದು ಒಳ್ಳೆಯದೇ ಆಯಿತು ಎಂಬುದು ಈಗಲೂ ನನ್ನ ಅಭಿಪ್ರಾಯ. ನಲವತ್ತು ಮಂದಿ ಸೇರಿ ಒಂದೇ ಗೆರೆಯನ್ನು ವರ್ಷ ವರ್ಷ ಎಳೆಸಿ ಯಾರಿಗೆ ಏನು ಹೊಸದು ಗೊತ್ತಾಗುತ್ತಿತ್ತು?

ಹೀಗೆ ಮೆದುಳನ್ನು ಕೇಳದೆ ಬೆನ್ನುಹುರಿಯೇ ಕೊಡುವ ಉತ್ತರಕ್ಕೆ ಪರಾವರ್ತಿತ ಕ್ರಿಯೆ, ಇಂಗ್ಲಿಷಿನಲ್ಲಿ ರಿಫ್ಲೆಕ್ಸ್, ಎನ್ನುತ್ತಾರೆ. ನಾನು ಮೊದಲು ಕಣ್ಣಾರೆ ಕಂಡದ್ದು ನನ್ನದೇ ಕಾಲಿನದು. 2017, ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಪಿಎಚ್‌ಡಿಗೆ ಸೇರಿ ಎರಡು ವಾರವಾಗಿತ್ತು. ನಮ್ಮ ಗೈಡ್ ಸರ್ ಅವರದು ಒಂದು ಕಟ್ಟುಪಾಡು: "ಇಲಿಗೆ ಕೊಡೋ ಶಾಕ್ ಮೊದಲು ನೀವು ತಗೋಬೇಕು." ಮೊಣಕಾಲಿನ ಹಿಂದಿನ ಗುಳಿಯಲ್ಲಿ ಒಂದು ಎಲೆಕ್ಟ್ರೋಡ್, ಮೀನಖಂಡದ ಮೇಲೆ ಎರಡು, ನಡುವೆ ಒಂದು ಅರ್ಥ್ ಪಟ್ಟಿ. ಬೆಂಚಿನ ಮೇಲೆ ಬೋರಲು ಮಲಗಿದೆ. ಕರೆಂಟ್ ಮೆಲ್ಲಗೆ ಏರಿಸಿದರು. ಮೊದಲು ಇರುವೆ ಹರಿದಂತೆ, ಆಮೇಲೆ ಯಾರೋ ಒಳಗಿನಿಂದ ತಂತಿ ಮೀಟಿದಂತೆ ಕಾಲು ಟಕ್ ಎಂದು ಎಳೆಯಿತು. ಕತ್ತು ಹೊರಳಿಸಿ ನೋಡಿದೆ. ಪರದೆಯ ಮೇಲೆ 28 ಮಿಲಿಸೆಕೆಂಡಿನ ಬಳಿ ಒಂದು ಪುಟ್ಟ ಗುಡ್ಡ ಎದ್ದಿತ್ತು.

ಅದಕ್ಕೆ ಎಚ್ ಅಲೆ ಎನ್ನುತ್ತಾರೆ, 1910ರಲ್ಲಿ ಅದನ್ನು ಗುರುತಿಸಿದ ಜರ್ಮನಿಯ ಹಾಫ್‌ಮನ್ ಹೆಸರಿನಲ್ಲಿ. ಸ್ನಾಯು ಎಷ್ಟು ಎಳೆದಿದೆ ಎಂಬ ಸುದ್ದಿಯನ್ನು ಬೆನ್ನುಹುರಿಗೆ ಒಯ್ಯುವ ದಪ್ಪ ಎಳೆಗಳು ನರದಲ್ಲಿ ಎಲ್ಲಕ್ಕಿಂತ ಮೊದಲು ಎಚ್ಚರಾಗುತ್ತವೆ. ಸುದ್ದಿ ಮೇಲೆ ಹೋಗುತ್ತದೆ, ಹುರಿಯೊಳಗೆ ಒಂದೇ ಒಂದು ಸಿನಾಪ್ಸ್, ಅಂದರೆ ಎರಡು ನರಕೋಶಗಳ ನಡುವಿನ ಸಂದಿ, ದಾಟುತ್ತದೆ, ಅಲ್ಲಿಂದ ಸ್ನಾಯುವಿಗೆ ಆಜ್ಞೆ ಒಯ್ಯುವ ಚಾಲಕ ನರಕೋಶ ಹಿಡಿದು ಕೆಳಗಿಳಿದು ಅದೇ ಸ್ನಾಯುವನ್ನು ಎಳೆಯುತ್ತದೆ. ಮಂಡಿಗೆ ಡಾಕ್ಟರು ಸುತ್ತಿಗೆಯಲ್ಲಿ ತಟ್ಟಿದಾಗ ಆಗುವುದೂ ಹೆಚ್ಚುಕಡಿಮೆ ಇದೇ, ಇಲ್ಲಿ ಸುತ್ತಿಗೆಯ ಕೆಲಸ ಕರೆಂಟಿನದು. ಸಿನಾಪ್ಸ್ ದಾಟಲು ಸುಮಾರು ಅರ್ಧ ಮಿಲಿಸೆಕೆಂಡ್ ಸಾಕು, ಉಳಿದದ್ದೆಲ್ಲ ದಾರಿಯ ಖರ್ಚು. 1850ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸುದ್ದಿ ಓಡುವ ವೇಗ ಅಳೆದಾಗ ಸಿಕ್ಕಿದ್ದು ಸೆಕೆಂಡಿಗೆ ಸುಮಾರು 27 ಮೀಟರ್. ಇದನ್ನು ಅಳೆಯಲು ಆಗುವುದೇ ಇಲ್ಲ ಎಂದಿದ್ದವರು ಅವರ ಗುರು ಮ್ಯೂಲರ್. ಲೆಕ್ಕ ಹಾಕಿದರೆ ಗಂಟೆಗೆ ನೂರು ಕಿಲೋಮೀಟರಿಗೆ ಒಂದಿಷ್ಟು ಕಡಿಮೆ. ಹೊಸೂರು ರಸ್ತೆಯ ಸಂಜೆ ಏಳು ಗಂಟೆಗೆ ಅದು ಕನಸು. ಆದರೆ ಯೋಚನೆಯೆಂದರೆ ಮಿಂಚು ಎಂದುಕೊಂಡಿದ್ದವರಿಗೆ ಅದು ಎತ್ತಿನ ಗಾಡಿ.

"ಎರಡೂ ಕೈಬೆರಳು ಕೊಕ್ಕೆ ಹಾಕಿ ಎಳೀರಿ" ಎಂದರು ಸರ್. ಎಳೆದೆ. ಗುಡ್ಡ ದೊಡ್ಡದಾಯಿತು. ಕೈ ಎಳೆದರೆ ಕಾಲಿನ ಪರಾವರ್ತನೆ ಜೋರಾಗುವುದು ಡಾಕ್ಟರುಗಳಿಗೆ ಹಳೆಯ ಉಪಾಯ, ಯೆಂದ್ರಾಸಿಕ್ ಎಂಬ ಹಂಗೇರಿಯ ವೈದ್ಯನ ಹೆಸರಿನಲ್ಲಿದೆ. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಬಿಸಿ ಪಾತ್ರೆ, ಕೈ, ಬೆನ್ನುಹುರಿ, ಬಾಣದ ಗುರುತು ನೋಡಿ ಇದೊಂದು ಕಾಲಿಂಗ್ ಬೆಲ್ಲಿನ ವೈರು ಎಂದು ತಿಳಿದಿದ್ದೆ. ಬೆಲ್ಲಿನ ಶಬ್ದ ಮನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂಬುದರ ಮೇಲೆ ಹೆಚ್ಚುಕಡಿಮೆ ಆಗುವುದಿಲ್ಲವಲ್ಲ.

ಇನ್ನೂ ವಿಚಿತ್ರ ಮುಂದಿತ್ತು. ಕರೆಂಟ್ ಏರಿಸಿದಂತೆ 5 ಮಿಲಿಸೆಕೆಂಡಿನ ಬಳಿ ಎಂ ಎಂಬ ಇನ್ನೊಂದು ಅಲೆ ಬಂತು. ಅದು ಬೆನ್ನುಹುರಿಗೆ ಹೋಗದೆ ಚಾಲಕ ಎಳೆಗಳಿಂದ ನೇರ ಸ್ನಾಯುವಿಗೆ ಇಳಿದದ್ದು. ಎಂ ಬೆಳೆಯುತ್ತ ಹೋಯಿತು, ಎಚ್ ಕುಗ್ಗುತ್ತ ಕುಗ್ಗುತ್ತ ಮಾಯವಾಯಿತು. "ಎಲೆಕ್ಟ್ರೋಡ್ ಜಾರಿದೆ ಸರ್" ಎಂದೆ. ಅವರು ನಕ್ಕರು. ಜಾರಿರಲಿಲ್ಲ. ಚಾಲಕ ಎಳೆಯನ್ನು ನಡುದಾರಿಯಲ್ಲಿ ಕೆರಳಿಸಿದರೆ ಆವೇಗ, ಅಂದರೆ ನರದ ವಿದ್ಯುತ್ ಸುದ್ದಿ, ಎರಡೂ ದಿಕ್ಕಿಗೆ ಓಡುತ್ತದೆ: ಒಂದು ಸ್ನಾಯುವಿನ ಕಡೆ, ಇನ್ನೊಂದು ಉಲ್ಟಾ ಬೆನ್ನುಹುರಿಯ ಕಡೆ. ಈ ಉಲ್ಟಾ ಹೊರಟದ್ದು, ಬೆನ್ನುಹುರಿಯಿಂದ ಇಳಿದು ಬರುವ ಎಚ್ ಸುದ್ದಿಗೆ ಎದುರಾಗುತ್ತದೆ. ಚಿಕ್ಕಪೇಟೆಯ ಗಲ್ಲಿಯಲ್ಲಿ ಎರಡು ತಳ್ಳುಗಾಡಿ ಎದುರುಬದುರಾದರೆ ಬೈದಾಡಿಕೊಂಡು ಯಾರಾದರೊಬ್ಬರು ಹಿಂದೆ ಸರಿಯುತ್ತಾರೆ. ನರದಲ್ಲಿ ಆ ಸೌಜನ್ಯ ಇಲ್ಲ. ಆವೇಗ ಹಾದುಹೋದ ಜಾಗ ಸ್ವಲ್ಪ ಹೊತ್ತು ಮರಗಟ್ಟಿರುತ್ತದೆ, ಅದಕ್ಕೇ ಡಿಕ್ಕಿಯಾದ ಜಾಗದಲ್ಲಿ ಎರಡೂ ಆರಿಹೋಗುತ್ತವೆ.

ಇಷ್ಟೆಲ್ಲ ಮನುಷ್ಯನ ಕಾಲಲ್ಲೇ ಸಿಗುವಾಗ ಇಲಿ ಯಾಕೆ? ಪ್ರಾಣಿ ನೈತಿಕ ಸಮಿತಿಯವರು ಕೇಳಿದ್ದೂ ಇದನ್ನೇ. ನಮ್ಮ ದೇಶದಲ್ಲಿ ಪ್ರಾಣಿ ಪ್ರಯೋಗಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಅದರಡಿ 1998ರ ನಿಯಮಗಳು. ಪ್ರತಿ ಸಂಸ್ಥೆಯಲ್ಲೂ ಒಂದು ಸಮಿತಿ ಇರಬೇಕು, ಅದರಲ್ಲಿ ಹೊರಗಿನ ನಾಮನಿರ್ದೇಶಿತರು ಕೂರಬೇಕು. ಅನುಮತಿ ಕೇಳಿ ನಾವು ತುಂಬುವುದು ಫಾರ್ಮ್ ಬಿ. ನನ್ನ ವಿಷಯ, ಬೆನ್ನುಹುರಿಗೆ ಪೆಟ್ಟು ಬಿದ್ದ ಮೇಲೆ ಪರಾವರ್ತನೆ ಹೇಗೆ ಬದಲಾಗುತ್ತದೆ ಎಂಬುದು. ಪೆಟ್ಟು ಬಿದ್ದ ಮನುಷ್ಯರ ಹುರಿಯನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಇಡಲು ಬರುವುದಿಲ್ಲ, ಪೆಟ್ಟಿಗೆ ಮೊದಲು ಅವರ ಎಚ್ ಅಲೆ ಹೇಗಿತ್ತು ಎಂದೂ ಗೊತ್ತಿರುವುದಿಲ್ಲ. ಈ ಉತ್ತರಕ್ಕೆ ತಲೆಯಾಡಿಸಿದರು. 36 ಇಲಿ ಕೇಳಿದ್ದೆ, ಲೆಕ್ಕ ತೋರಿಸಿ ಎಂದು ಹಿಂದೆ ಕಳಿಸಿ, ಕೊನೆಗೆ 24ಕ್ಕೆ ಒಪ್ಪಿದರು.

ಸಮಿತಿಯಲ್ಲಿ ಒಬ್ಬ ಪಶುವೈದ್ಯೆ ಇದ್ದರು. ನರ, ಅಲೆ, ಆವರ್ತನ ಯಾವುದನ್ನೂ ಅವರು ಕೇಳಲಿಲ್ಲ. "ಮೂತ್ರ ಹೇಗೆ ಮಾಡಿಸ್ತೀರಿ?" ಎಂದರು. ಬೆನ್ನುಹುರಿಗೆ ಪೆಟ್ಟಾದ ಇಲಿ ತಾನಾಗಿ ಮೂತ್ರ ಮಾಡಲಾರದು. ಮೂತ್ರಕೋಶ ತುಂಬಿ ತುಂಬಿ ಸೋಂಕಾಗುತ್ತದೆ, ಸಾಯುತ್ತದೆ. "ದಿನಕ್ಕೆ ಮೂರು ಸಲ ಕೈಯಿಂದ ಒತ್ತಿ ಖಾಲಿ ಮಾಡಲಾಗುವುದು" ಎಂದು ಬೇರೆಯವರ ಲೇಖನಗಳಿಂದ ಎತ್ತಿ ಬರೆದಿದ್ದೆ.

"ಭಾನುವಾರ ಯಾರು ಮಾಡ್ತಾರೆ?"

"ನಾನೇ ಮೇಡಂ."

"ಹಬ್ಬದ ದಿನ?"

"ನಾನೇ."

"ನಿಮಗೇ ಜ್ವರ ಬಂದರೆ?"

ಬಾಯಿ ಕಟ್ಟಿತು. ಎರಡನೆಯವರ ಹೆಸರು ಬರೆಯುವ ತನಕ ಅವರು ಸಹಿ ಹಾಕಲಿಲ್ಲ. ಆ ದಿನ ಅವರ ಮೇಲೆ ಸಿಟ್ಟು ಬಂದಿತ್ತು. ವಿಜ್ಞಾನ ಬಿಟ್ಟು ಉಚ್ಚೆಯ ವಿಚಾರಕ್ಕೆ ಒಂದು ತಿಂಗಳು ಹೋಯಿತಲ್ಲ ಎಂದು.

ನಮ್ಮ ಅನಿಮಲ್ ಹೌಸಿನ ಅಟೆಂಡರ್ ಅಣ್ಣ ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರು. ಮೊದಲ ವಾರ ನನಗೆ ಬರೀ ಹಿಡಿಯುವುದನ್ನು ಕಲಿಸಿದರು. ಬಾಲ ಹಿಡಿದು ಎತ್ತಿದರೆ ಗದರುತ್ತಿದ್ದರು. ಎಡಗೈ ಮಡಚಿ ಮೊಣಕೈ ಸಂದಿಯಲ್ಲಿ ಇಲಿಯ ಮೂತಿ ತೂರಿಸಬೇಕು. "ಅದಕ್ಕೆ ಕತ್ತಲೆ ಬೇಕು ಮೇಡಂ. ಕಣ್ಣಿಗೆ ಕತ್ತಲೆ ಆದ್ರೆ ಸಾಕು, ಮನೆಗೆ ಬಂದೆ ಅನ್ಕೊಳತ್ತೆ." ನಮ್ಮವು ವಿಸ್ಟಾರ್ ತಳಿಯ ಬಿಳಿ ಹೆಣ್ಣಿಲಿಗಳು. ಹೆಣ್ಣೇ ಯಾಕೆಂದರೆ ಅವುಗಳ ಮೂತ್ರನಾಳ ಗಿಡ್ಡ, ಒತ್ತಿ ಖಾಲಿ ಮಾಡುವುದು ಸುಲಭ. ಅಣ್ಣ ಅವಕ್ಕೆ "ಬಾರವ್ವ, ಬಾ" ಎನ್ನುತ್ತಿದ್ದರು. ಊರಿಗೆ ಫೋನ್ ಮಾಡಿದರೆ ಅಮ್ಮನ ಮೊದಲ ಪ್ರಶ್ನೆ, "ಇಲಿ ಮುಟ್ಟಿ ಬಂದು ಸ್ನಾನ ಮಾಡಿದ್ಯಾ?"

ರೆಕಾರ್ಡಿಂಗ್ ಶುರುವಾದದ್ದು 2018ರ ಕೊನೆಗೆ. ಇಲಿಯ ದಾರಿ ಗಿಡ್ಡ. ಪಾದದ ಸಣ್ಣ ಸ್ನಾಯುವಿನಲ್ಲಿ ಎಂ ಅಲೆ ಸುಮಾರು 2 ಮಿಲಿಸೆಕೆಂಡಿಗೆ, ಎಚ್ ಸುಮಾರು 8ಕ್ಕೆ. ಅರಿವಳಿಕೆಯೇ ದೊಡ್ಡ ತಲೆನೋವು. ಗ್ಯಾಸಿನ ಅರಿವಳಿಕೆ ಐಸೊಫ್ಲೂರೇನ್ ಸಲೀಸು, ಆದರೆ ಬೆನ್ನುಹುರಿಯನ್ನೂ ಮಲಗಿಸಿಬಿಡುತ್ತದೆ, ಎಚ್ ಅಲೆಯೇ ನಾಪತ್ತೆ. ಕೆಟಮಿನ್ ಆದರೆ ಪರಾವರ್ತನೆಯನ್ನು ಅಷ್ಟಾಗಿ ಅಳಿಸುವುದಿಲ್ಲ. ಅದು ಶೆಡ್ಯೂಲ್ ಎಕ್ಸ್ ಔಷಧಿ. ಬೀಗದ ಕಪಾಟು, ರಿಜಿಸ್ಟರು, ಮಿಲಿಲೀಟರ್ ಲೆಕ್ಕ, ಇಬ್ಬರ ಸಹಿ. ಅದನ್ನು ಪಡೆಯಲು ಹಿಡಿದ ಸಮಯದಲ್ಲಿ ಒಂದು ಅಧ್ಯಾಯ ಬರೆಯಬಹುದಿತ್ತು.

ಅದೆಲ್ಲ ಆಗಿ ಇಲಿ ಮಲಗಿಸಿದರೆ ಪರದೆಯ ತುಂಬ 50 ಹರ್ಟ್ಸಿನ ಅಲೆ, ಗೋಡೆಯ ಕರೆಂಟಿನದು. ಟ್ಯೂಬ್‌ಲೈಟ್ ಆರಿಸಿದೆ. ಫ್ರಿಜ್ ತೆಗೆದೆ. ತಂತಿಬಲೆಯ ಪಂಜರದೊಳಗೆ ಎಲ್ಲವನ್ನೂ ಇಟ್ಟು ಅರ್ಥ್ ಮಾಡಿದೆ. ಪಕ್ಕದ ಲಿಫ್ಟ್ ಓಡುವಾಗಲೆಲ್ಲ ಗೆರೆ ಹಾರುತ್ತಿತ್ತು, ಹಾಗಾಗಿ ರಾತ್ರಿ ಒಂಬತ್ತರ ಮೇಲೆ ಕೆಲಸ. ಮೂರು ವಾರ ಹುಡುಕಿ ಕೊನೆಗೆ ಕಳ್ಳ ಸಿಕ್ಕಿದ್ದು ಇಲಿಯ ಹೊಟ್ಟೆಯ ಕೆಳಗೇ: ಅದನ್ನು ಬೆಚ್ಚಗಿಡುವ ಹೀಟಿಂಗ್ ಪ್ಯಾಡ್. ಪ್ಲಗ್ ಕಿತ್ತೆ. ಪರದೆ ಕೆರೆಯ ನೀರಿನಂತೆ ನಿಂತಿತು. ಆ ರಾತ್ರಿ ನಾನು ಕುಣಿದದ್ದು ಸೆಕ್ಯುರಿಟಿಯವರು ನೋಡಿದ್ದಾರೆ.

ಮುಂದಿನ ಮೂರು ವಾರ ಚೆಂದದ ರೆಕಾರ್ಡಿಂಗ್‌ಗಳು. ಎಚ್ ಅಲೆ ಮಾತ್ರ ಎಲ್ಲರಿಗಿಂತ ತಡವಾಗಿ ಬರುತ್ತಿತ್ತು. ನಮ್ಮ ಕಾಲೊನಿಯ ಇಲಿಗಳಲ್ಲೇ ಏನೋ ವಿಶೇಷ ಇರಬೇಕು ಎಂದು ಉಬ್ಬಿ, ಸ್ಲೈಡ್ ಮಾಡಿ ಸರ್‌ಗೆ ತೋರಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಇಲಿಯ ಟೆಂಪರೇಚರ್ ಎಷ್ಟಿತ್ತು?" ಬರೆದೇ ಇರಲಿಲ್ಲ. ಅರಿವಳಿಕೆಯಲ್ಲಿ ಇಲಿ ಬೇಗ ತಣ್ಣಗಾಗುತ್ತದೆ, ತಣ್ಣಗಾದ ನರ ನಿಧಾನ. ಮನುಷ್ಯರಲ್ಲೂ ಅಷ್ಟೆ, ಒಂದು ಡಿಗ್ರಿ ಇಳಿದರೆ ಸೆಕೆಂಡಿಗೆ ಸುಮಾರು ಎರಡು ಮೀಟರ್ ವೇಗ ಕಡಿಮೆ. ನಾನು ಮೂರು ವಾರ ಅಳೆದದ್ದು ಚಳಿಯನ್ನು. ಅಷ್ಟನ್ನೂ ಎಸೆದೆವು. ಎಸೆದದ್ದು ಅಂಕಿಗಳನ್ನು ಮಾತ್ರ ಆಗಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ. ಸಮಿತಿ ಕೊಟ್ಟ 24ರಲ್ಲಿ ನಾಲ್ಕು ಇಲಿಗಳ ಲೆಕ್ಕ ಅದರಲ್ಲಿ ಹೋಗಿತ್ತು. ಆಮೇಲೆ ಮೆಡಿಕಲ್ ಶಾಪಿನ ರಬ್ಬರಿನ ಬಿಸಿನೀರ ಚೀಲ ತಂದು, ಇಪ್ಪತ್ತು ನಿಮಿಷಕ್ಕೊಮ್ಮೆ ನೀರು ಬದಲಿಸಿ, 37 ಡಿಗ್ರಿ ಕಾದುಕೊಂಡೆ. ಕರೆಂಟ್ ಬೇಡ, ಆ 50 ಹರ್ಟ್ಸಿನ ಗದ್ದಲವೂ ಇಲ್ಲ. ನಮ್ಮಜ್ಜಿಯ ಸೊಂಟನೋವಿನ ಚೀಲವೂ ಅದೇ ಕೆಂಪು ಬಣ್ಣದ್ದು.

ಪೆಟ್ಟಿನ ಬ್ಯಾಚು ಬಂದದ್ದು 2020ರ ಮಾರ್ಚಿನಲ್ಲಿ. ಎಂಟು ಇಲಿ. ಬೆನ್ನಿನ ಹತ್ತನೇ ಕಶೇರುಕದ ಮೇಲಿನ ಕಮಾನು ತೆಗೆದರೆ ಹುರಿ ಕಾಣುತ್ತದೆ. ಬೆಳ್ಳಗೆ, ನಡುವೆ ಒಂದು ರಕ್ತನಾಳದ ಗೆರೆ, ಅದರ ಮಿಡಿತ. ಹತ್ತು ಗ್ರಾಂ ತೂಕದ ಸರಳು 25 ಮಿಲಿಮೀಟರ್ ಎತ್ತರದಿಂದ ಬೀಳಬೇಕು. ಗುಂಡಿ ಒತ್ತುವುದಷ್ಟೇ ನನ್ನ ಕೆಲಸ. ಸರಳು ಬಿದ್ದ ಕ್ಷಣ, ಗಾಢ ನಿದ್ದೆಯಲ್ಲಿದ್ದ ಇಲಿಯ ಬಾಲ ಛಟ್ಟನೆ ಸಿಡಿದು ಎರಡೂ ಹಿಂಗಾಲು ಅದುರಿದವು. ಪೆಟ್ಟು ಸರಿಯಾಗಿ ಬಿತ್ತು ಎಂಬುದಕ್ಕೆ ಅದೇ ಗುರುತು ಎಂದು ಪ್ರೋಟೊಕಾಲಿನಲ್ಲಿ ನಾನೇ ಬರೆದಿದ್ದೆ. ನೋವಿಲ್ಲ, ಅರಿವಿಲ್ಲ ಎಂದೂ ಗೊತ್ತಿತ್ತು. ಆದರೂ ಮೊದಲನೆಯದಾದ ಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಎಂಟೂ ಮುಗಿದಾಗ 12ನೇ ತಾರೀಕು ರಾತ್ರಿಯಾಗಿತ್ತು. ಮರುದಿನ ಸಂಜೆ ಮಾಲು, ಥಿಯೇಟರು, ಕಾಲೇಜು ಬಂದ್ ಎಂದು ಸರ್ಕಾರ ಹೇಳಿತು.

ಒತ್ತುವುದು ಹೇಗೆಂದು ಹೇಳುತ್ತೇನೆ, ಇದನ್ನು ಯಾವ ಲೇಖನವೂ ಸರಿಯಾಗಿ ಹೇಳಿರಲಿಲ್ಲ. ಇಲಿಯನ್ನು ಟವೆಲಿನಲ್ಲಿ ಸುತ್ತಿ ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳು, ತೋರುಬೆರಳು ಹೊಟ್ಟೆಯ ಕೆಳಭಾಗದ ಎರಡು ಬದಿಗೆ. ಒಳಗೆ ಒಂದು ಗೋಲಿ ಸಿಗುತ್ತದೆ. ತುಂಬಿದ್ದರೆ ಬಿಗಿ, ನುಣುಪು. ಮೇಲಿನಿಂದ ಬಾಲದ ಕಡೆಗೆ ಮೆಲ್ಲಗೆ ಒತ್ತುತ್ತ ಬರಬೇಕು. ಜೋರಾದರೆ ಮೂತ್ರಕೋಶ ಒಡೆದೀತು, ಮೆತ್ತಗಾದರೆ ಬರುವುದಿಲ್ಲ. ಮೊದಲ ದಿನ ಒಂದು ಇಲಿಗೆ ಅರ್ಧ ಗಂಟೆ ಹಿಡಿಯಿತು. ಬಂದ ಬಣ್ಣವನ್ನು ಬಿಳಿ ಟಿಶ್ಯೂ ಮೇಲೆ ನೋಡಿ ಬರೆಯಬೇಕು: ತಿಳಿ, ಮೋಡ, ಕೆಂಪು. ಮೂರನೇ ದಿನ ನಾಲ್ಕನೇ ನಂಬರಿನದು ಕೆಂಪು ಬಂತು. ಆ್ಯಂಟಿಬಯಾಟಿಕ್ ಶುರು ಮಾಡಿದೆವು. ಹೆಬ್ಬೆರಳಿನ ಬುಡದಲ್ಲಿ ನನಗೆ ಈಗಲೂ ಒಂದು ನೋವು ಉಳಿದಿದೆ, ಆಗಾಗ ಹೇಳುತ್ತದೆ.

ಫಾರ್ಮಿನಲ್ಲಿ ಎರಡನೆಯವಳಾಗಿ ಹೆಸರು ಕೊಟ್ಟಿದ್ದ ಜೂನಿಯರ್ 20ನೇ ತಾರೀಕು ಊರಿಗೆ ಹೊರಟಳು. ಅವಳ ತಪ್ಪಲ್ಲ, ಪಿಜಿಯವರು ಖಾಲಿ ಮಾಡಿ ಎಂದಿದ್ದರು. 22ರ ಜನತಾ ಕರ್ಫ್ಯೂ ದಿನ ನಾನು ಹಿಂದಿನ ರಾತ್ರಿಯೇ ಹೋಗಿ ಲ್ಯಾಬಿನಲ್ಲಿ ಮಲಗಿದೆ. 25ರಿಂದ ದೇಶವೇ ಬಂದ್. ಅಂದೇ ಯುಗಾದಿ. ನನ್ನ ರೂಮಿದ್ದದ್ದು ಜಯನಗರದಲ್ಲಿ. ಬಸ್ಸಿಲ್ಲ, ಆಟೊ ಇಲ್ಲ, ಬೆಳಗಿನ ಆರಕ್ಕೆ ನಡೆದು ಹೊರಟೆ. ಬೆಂಗಳೂರಿನಲ್ಲಿ ಅಷ್ಟೊಂದು ಹಕ್ಕಿಗಳ ಸದ್ದು ಅದೇ ಮೊದಲು ಕೇಳಿದ್ದು. ಸೌತ್ ಎಂಡ್ ಸರ್ಕಲ್ ಹತ್ತಿರ ಬ್ಯಾರಿಕೇಡ್. ಪೇದೆಯೊಬ್ಬರು ಲಾಠಿ ಅಡ್ಡ ಹಿಡಿದರು.

"ಎಲ್ಲಿಗಮ್ಮ?"

ಸಂಸ್ಥೆಯ ಪತ್ರ ತೋರಿಸಿದೆ. ಇಂಗ್ಲಿಷಿನಲ್ಲಿತ್ತು. ಅವರು ಓದಿ, "ಅದೇನು ಅಷ್ಟು ಅರ್ಜೆಂಟು?" ಎಂದರು.

"ಇಲಿಗಳಿಗೆ ಮೂತ್ರ ಮಾಡಿಸ್ಬೇಕು ಸರ್. ಇಲ್ಲಾಂದ್ರೆ ಸತ್ತೋಗ್ತವೆ."

ಅವರು ನನ್ನ ಮುಖ ನೋಡಿದರು, ಪತ್ರ ನೋಡಿದರು, ಪಕ್ಕದವರನ್ನು ನೋಡಿದರು. "ಸುಳ್ಳು ಹೇಳೋರು ಇಂಥದ್ದು ಹೇಳಲ್ಲ ಬಿಡ್ರಿ" ಎಂದು ಪಕ್ಕದವರೇ ಬ್ಯಾರಿಕೇಡ್ ಸರಿಸಿದರು. ಆಮೇಲಿನ ದಿನಗಳಲ್ಲಿ ನನ್ನನ್ನು ಕಂಡರೆ "ಆಯ್ತಾ ಅವಕ್ಕೆ?" ಎಂದು ಕೇಳುತ್ತಿದ್ದರು.

ಅಟೆಂಡರ್ ಅಣ್ಣ ಆ ಯುಗಾದಿಯ ದಿನ ಮನೆಯಿಂದ ಬೇವುಬೆಲ್ಲ, ಡಬ್ಬಿಯಲ್ಲಿ ಒಬ್ಬಟ್ಟು ತಂದಿದ್ದರು. ಕೈ ತೊಳೆದು ತಿಂದೆವು. ಮಧ್ಯಾಹ್ನದ ಒತ್ತುವಿಕೆಗೆ ಎರಡನೇ ನಂಬರಿನದನ್ನು ಕೈಗೆ ತೆಗೆದುಕೊಂಡೆ. ಬೆರಳು ಗೋಲಿಗೆ ತಾಗಿತಷ್ಟೆ, ಇನ್ನೂ ಒತ್ತಿರಲಿಲ್ಲ. ಒಳಗಿನಿಂದ ಅದು ತಾನೇ ಬಿಗಿಯಿತು. ನನ್ನ ಬೆರಳಿಗೆ ಎದುರಾಗಿ, ಒಂದು ಪುಟ್ಟ ಮುಷ್ಟಿಯ ಹಾಗೆ. ಮೂತ್ರ ಚಿಮ್ಮಿ ನನ್ನ ಏಪ್ರನ್ ಒದ್ದೆಯಾಯಿತು. ಹದಿಮೂರನೇ ದಿನ. ಹತ್ತರಿಂದ ಹದಿನಾಲ್ಕು ದಿನದೊಳಗೆ ಬೆನ್ನುಹುರಿ ತನ್ನದೇ ಪರಾವರ್ತನೆಯಲ್ಲಿ ಮೂತ್ರಕೋಶ ಹಿಂಡಲು ಕಲಿಯುತ್ತದೆ ಎಂದು ಓದಿದ್ದೆ. ಮೂರು ವರ್ಷ ಪರದೆಯ ಮೇಲೆ ಪರಾವರ್ತನೆಗಳನ್ನು ನೋಡಿದ್ದೆ, ಅಂದು ಬೆರಳಿಗೆ ಸಿಕ್ಕಿತು. "ಅಣ್ಣಾ, ಬಂತು!" ಎಂದು ಕೂಗಿದ್ದಕ್ಕೆ ಅವರು ಕೊರೊನಾ ಬಂತೇನೋ ಎಂದು ಓಡಿಬಂದರು.

ಪೆಟ್ಟಾದ ಕೂಡಲೇ ಹುರಿ ಮೂಕವಾಗುತ್ತದೆ. ಮೇಲಿನಿಂದ ಬರುವ ಸದ್ದು ನಿಂತಿತಲ್ಲ, ಕೆಳಗಿನವರಿಗೂ ಕೈಕಾಲು ಆಡುವುದಿಲ್ಲ. ಆಮೇಲೆ ಮೆಲ್ಲಗೆ ಪರಾವರ್ತನೆಗಳು ವಾಪಸು ಬರುತ್ತವೆ. ಬರುವುದೇನೋ ಸರಿ, ಅಲ್ಲಿಗೆ ನಿಲ್ಲುವುದಿಲ್ಲ. ನಾಲ್ಕನೇ ವಾರದ ಹೊತ್ತಿಗೆ ಇಲಿಗಳು ಹಿಂಗಾಲ ಮೇಲೆ ಒಂದಿಷ್ಟು ಭಾರ ಹೊತ್ತು ನಡೆಯುತ್ತಿದ್ದವು. ಸೊನ್ನೆಯಿಂದ 21ರ ತನಕ ಅಂಕ ಕೊಡುವ ಬಿಬಿಬಿ ಅಳತೆಯಲ್ಲಿ ಹತ್ತರ ಆಸುಪಾಸು. ಈ ಅಳತೆಗೆ ನೋಡುವವರು ಇಬ್ಬರಿರಬೇಕು, ಸರ್ ವಾಟ್ಸ್ಆ್ಯಪ್ ವಿಡಿಯೊದಲ್ಲಿ ಎರಡನೆಯವರಾದರು. ಆಗ ಟವೆಲ್ ತುದಿ ತಾಗಿದರೆ ಸಾಕು, ಆರನೇ ನಂಬರಿನ ಕಾಲು ಸರಕ್ಕನೆ ಚಾಚಿ ನಡುಗುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ.

ಆ ಕಾಲನ್ನು ನಾನು ಮೊದಲೇ ನೋಡಿದ್ದೆ. ಸಾಗರದ ಹತ್ತಿರದ ನಮ್ಮ ಊರಿನಲ್ಲಿ, ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ, ನಮ್ಮ ತೋಟದ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನು, ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವಾಗ ಮರದಿಂದ ಬಿದ್ದ. ಒಂದು ಮರದಿಂದ ಇನ್ನೊಂದಕ್ಕೆ ತೂಗಿ ಹಾರುತ್ತಿದ್ದವನು ಸೊಂಟದ ಕೆಳಗೆ ಇಲ್ಲವಾದ. ಮಣಿಪಾಲಕ್ಕೆ ಹೋಗಿ ಬಂದು ಮನೆಯ ಜಗಲಿಯಲ್ಲಿ ಮಲಗಿದ. ಎರಡು ತಿಂಗಳ ಮೇಲೆ ಒಂದು ದಿನ ಕಂಬಳಿ ಹೊದಿಸುವಾಗ ಅವನ ಕಾಲು ಹಾರಿತು. "ಗೌಡನ ಕಾಲಿಗೆ ಜೀವ ಬಂತು" ಎಂದು ಊರೆಲ್ಲ ಸುದ್ದಿ. ಹರಕೆ ತೀರಿಸಿದರು. ನಾವು ಮಕ್ಕಳು ಹೋಗಿ ಪಾದಕ್ಕೆ ಕಡ್ಡಿ ತಾಗಿಸಿ ಹಾರುವುದನ್ನು ನೋಡುತ್ತಿದ್ದೆವು, ಗೌಡ ನಗುತ್ತಿದ್ದ. ಅವನು ಎದ್ದು ನಡೆಯಲಿಲ್ಲ. ನಾನು ಪಿಯುಸಿಯಲ್ಲಿದ್ದಾಗ ತೀರಿಕೊಂಡ. ಕಿಡ್ನಿ ಕೆಟ್ಟಿತು ಎಂದರು. ಕಾಲಿಗೆ ಪೆಟ್ಟಾದವನಿಗೆ ಕಿಡ್ನಿ ಯಾಕೆ ಕೆಟ್ಟಿತು ಎಂದು ಆಗ ಯಾರೂ ಕೇಳಲಿಲ್ಲ.

ನನ್ನ ಪ್ರಬಂಧದ ಮುಖ್ಯ ಅಳತೆ ಆ ಹಾರುವ ಕಾಲಿನದ್ದೇ. ಶಾಕ್‌ಗಳನ್ನು ಮೂರು ಸೆಕೆಂಡಿಗೊಂದರಂತೆ ಕೊಟ್ಟರೆ ಎಚ್ ಅಲೆ ಪೂರ್ತಿ ಎತ್ತರಕ್ಕೆ ಏಳುತ್ತದೆ. ಸೆಕೆಂಡಿಗೆ ಐದರಂತೆ ಕೊಟ್ಟರೆ ಆರೋಗ್ಯವಂತ ಇಲಿಯಲ್ಲಿ ಅದು ಅರ್ಧಕ್ಕೂ ಕೆಳಗೆ ಕುಸಿಯುತ್ತದೆ. ಒಂದೇ ಮಾತನ್ನು ಪದೇ ಪದೇ ಹೇಳಿದರೆ ಬೆನ್ನುಹುರಿ ಕಿವಿಗೊಡುವುದನ್ನು ಕಡಿಮೆ ಮಾಡುತ್ತದೆ. ಪೆಟ್ಟಾದ ಇಲಿಯಲ್ಲಿ ಆ ಕುಸಿತ ಕಾಣಲಿಲ್ಲ. ಐದಕ್ಕೆ ಐದೂ ಸಲ ಹೊಸ ಸುದ್ದಿ ಬಂದಂತೆ ಏಳುತ್ತಿತ್ತು. ಎಂ ಅಲೆ ಎರಡೂ ಕಡೆ ಒಂದೇ ಸಮ ಇತ್ತು, ಹಾಗಾಗಿ ಎಲೆಕ್ಟ್ರೋಡ್ ಜಾರಿದೆ ಎನ್ನುವ ಹಾಗಿರಲಿಲ್ಲ. ಟೆಂಪರೇಚರೂ ಬರೆದಿದ್ದೆ.

ಪರಾವರ್ತನೆಯನ್ನು ತಡೆದು ಹಿಡಿಯುವ ಈ ಬ್ರೇಕ್ ಯಾಕೆ ಸವೆಯುತ್ತದೆ ಎಂಬುದಕ್ಕೆ ಒಂದು ಉತ್ತರವನ್ನು 2010ರಲ್ಲಿ ಫ್ರಾನ್ಸಿನ ತಂಡವೊಂದು ಇಲಿಗಳಲ್ಲೇ ತೋರಿಸಿತ್ತು. ಚಾಲಕ ನರಕೋಶದ ಗೋಡೆಯಲ್ಲಿ ಕೆಸಿಸಿ2 ಎಂಬ ಪಂಪು ಇದೆ, ಒಳಗಿನ ಕ್ಲೋರೈಡನ್ನು ಹೊರಗೆ ಹಾಕುವುದು ಅದರ ಕೆಲಸ. ಒಳಗೆ ಕ್ಲೋರೈಡ್ ಕಡಿಮೆ ಇದ್ದರೆ, "ಸುಮ್ಮನಿರು" ಎನ್ನುವ ರಾಸಾಯನಿಕಗಳು ಬಾಗಿಲು ತೆರೆದಾಗ ಹೊರಗಿನ ಕ್ಲೋರೈಡ್ ನುಗ್ಗಿ ಕೋಶ ತಣ್ಣಗಾಗುತ್ತದೆ. ಪೆಟ್ಟಾದ ಮೇಲೆ ಪಂಪು ಕಡಿಮೆಯಾಗುತ್ತದೆ, ಒಳಗೆ ಕ್ಲೋರೈಡ್ ತುಂಬಿಕೊಳ್ಳುತ್ತದೆ. ಆಗ ಬಾಗಿಲು ತೆರೆದರೂ ಒಳಗೆ ಬರುವುದು ಕಡಿಮೆ, ಬ್ರೇಕ್ ಒತ್ತಿದರೂ ಹಿಡಿಯುವುದಿಲ್ಲ. ನಮ್ಮ ಇಲಿಗಳ ಹುರಿಯ ಸೀಳುಗಳಲ್ಲೂ ಆ ಪಂಪನ್ನು ಗುರುತಿಸಲು ಹಾಕಿದ ಬಣ್ಣ ಮಂಕಾಗಿ ಕಂಡಿತು. ಆ ಸೀಳುಗಳಿಗಾಗಿ ಕೊನೆಯಲ್ಲಿ ಏನು ಮಾಡಬೇಕೋ ಅದನ್ನು ಮಾಡಿದೆವು, ಗಾಢ ಅರಿವಳಿಕೆಯಲ್ಲಿ, ಒಂದೊಂದಾಗಿ. ಆ ವಾರ ಅಣ್ಣ ರಜೆ ಹಾಕಿದರು. ಪ್ರತಿ ಬ್ಯಾಚಿಗೂ ಅವರು ಆ ವಾರ ರಜೆ ಹಾಕುತ್ತಾರಂತೆ.

ಬಸ್ಸು ಶುರುವಾದ ಮೇಲೆ ಜೂನಿನಲ್ಲಿ ಊರಿಗೆ ಹೋದೆ. ಹದಿನಾಲ್ಕು ದಿನ ಮಾಳಿಗೆಯ ಕೋಣೆಯಲ್ಲಿ ಕೂರಿಸಿ ಆಮೇಲೆ ಒಳಗೆ ಬಿಟ್ಟರು. ತೋಟದಲ್ಲಿ ಕೊಳೆ ಔಷಧಿಯ ಕೆಲಸ ನಡೆದಿತ್ತು, ನೆಲದ ಮೇಲೇ ನಿಂತು ಕಾರ್ಬನ್ ಫೈಬರ್ ದೋಟಿಯಲ್ಲಿ. ಗೌಡನ ಹೆಂಡತಿ ಅಂಗಳದಲ್ಲಿ ಕೂತು ಅಮ್ಮನ ಜೊತೆ ಕಾಫಿ ಕುಡಿಯುತ್ತಿದ್ದರು. ಬೆಂಗಳೂರಲ್ಲಿ ಏನು ಮಾಡ್ತಿ ಮಗ ಎಂದು ಕೇಳಿದರು. ಪಂಪು, ಕ್ಲೋರೈಡ್ ಎಲ್ಲ ಬಿಟ್ಟು, ಬೆನ್ನು ಮುರಿದ ಇಲಿಗಳಿಗೆ ದಿನಕ್ಕೆ ಮೂರು ಸಲ ಹೊಟ್ಟೆ ಒತ್ತಿ ಮೂತ್ರ ಮಾಡಿಸುತ್ತಿದ್ದೆ ಎಂದೆ.

ಅವರು ಲೋಟ ಕೆಳಗಿಟ್ಟರು. "ಇವ್ರಿಗೂ ನಾನೇ ಒತ್ತತಿದ್ದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಒಂಬತ್ತು ವರ್ಷ."

ಮನುಷ್ಯರಲ್ಲಿ ಹಾಗೆ ಒತ್ತಬಾರದು, ಮೂತ್ರ ಹಿಮ್ಮುಖವಾಗಿ ಕಿಡ್ನಿಗೆ ಏರಬಹುದು, ಈಗ ನಳಿಕೆ ಹಾಕಿ ತೆಗೆಯುತ್ತಾರೆ. ಅದು ಬಾಯಿಗೆ ಬಂದದ್ದನ್ನು ನುಂಗಿದೆ. ಇನ್ನೇನು ಕೇಳುವುದೆಂದು ತಿಳಿಯದೆ, "ಸಾಕು ಅಂತ ಹೆಂಗೆ ಗೊತ್ತಾಗ್ತಿತ್ತು ಅಕ್ಕ?" ಎಂದೆ.

"ಮೆತ್ತಗಾಗೋ ತನಕ," ಅಂದರು. "ಕೈಗೆ ತಿಳಿತದಲ್ಲ." ಬಲಗೈ ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಒಮ್ಮೆ ಜಾರಿಸಿ ತೋರಿಸಿ, ಲೋಟ ತೊಳೆಯಲು ಎದ್ದರು.